ಒಳಗಿನ ಸರ್‌ಗೆ ಬಡ್ತಿ ಕೊಡುವ ಮುನ್ನ

ಇಂಟರ್‌ನೆಟ್ ಸಂಸ್ಥೆಯ ಸಿಬ್ಬಂದಿ ವಿಭಾಗದ ಮಾನ್ಯ ಮುಖ್ಯಸ್ಥರೇ,

ಸೋಮವಾರ ನಮ್ಮ ಸೂಚನಾ ಫಲಕಕ್ಕೆ ತಾವು ಎರಡು ಕಾಗದ ಅಂಟಿಸಿದಿರಿ. ಒಂದರಲ್ಲಿ, ‘ತಾಂತ್ರಿಕ ಹುದ್ದೆಗಳಲ್ಲಿ ಮಹಿಳೆಯರು ಏಕೆ ಕಡಿಮೆ? ಹತ್ತು ಸಾಲು ಮೀರದಂತೆ ಕಾರಣ ತಿಳಿಸಿ’ ಎಂದಿತ್ತು. ಇನ್ನೊಂದರಲ್ಲಿ, ‘ಗ್ರಾಹಕರ ಅಪಾರ ಮೆಚ್ಚುಗೆ ಗಳಿಸಿರುವ “ಒಳಗಿನ ಸರ್” ಯಾರೆಂದು ಪತ್ತೆಹಚ್ಚಿ, ಸಹಾಯವಾಣಿಯ ಮೇಲ್ವಿಚಾರಕರ ಹುದ್ದೆಗೆ ಪರಿಗಣಿಸಲಾಗುವುದು’ ಎಂದಿತ್ತು. ಅದೇ ಹುದ್ದೆಗೆ ನಾನು ಹಾಕಿದ್ದ ಅರ್ಜಿ ಅಂದೇ ತಿರಸ್ಕೃತವಾಗಿ ಮೇಜಿಗೆ ಬಂತು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಸ್ವಾಮಿ? ತಮ್ಮ ಮೊದಲ ಕಾಗದಕ್ಕೆ ಎರಡನೆಯದೇ ಉತ್ತರ. ಆದರೂ ಕೇಳಿದ್ದೀರಿ, ಹೇಳುತ್ತೇನೆ. ಹತ್ತು ಸಾಲು ಮಾತ್ರ ಸಾಲುವುದಿಲ್ಲ.

ಸಹಾಯವಾಣಿಯ ಮೂರನೇ ಮೇಜಿನಲ್ಲಿ ಕೂತು ನನಗೆ ಒಂಬತ್ತು ವರ್ಷವಾಯಿತು. ಮೊದಮೊದಲು ನಿವೃತ್ತ ಹೆಡ್‌ಮಾಸ್ತರರೊಬ್ಬರು ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದರು. ಮೋಡೆಮ್ಮಿನ ಹಿಂದಿರುವ ಹಳದಿ ತಂತಿ ತೆಗೆದು ಮತ್ತೆ ಹಾಕಿ ಎಂದರೆ ಕೇಳುತ್ತಿರಲಿಲ್ಲ.

“ಅದೆಲ್ಲ ಬೇಡಮ್ಮ, ಅಲ್ಲಿ ಸರ್ ಯಾರಾದ್ರೂ ಇದ್ರೆ ಫೋನ್ ಕೊಡು.”

“ನಾನೇ ಇಂಜಿನಿಯರು, ಹೇಳಿ.”

“ಸಂತೋಷ ಕಣಮ್ಮ. ಆದ್ರೂ ಸರ್‌ಗೇ ಕೊಡು.”

ಒಂದು ವರ್ಷ ವಾದ ಮಾಡಿದೆ. ಇನ್ನೊಂದು ವರ್ಷ ಬಚ್ಚಲಿಗೆ ಹೋಗಿ ಅತ್ತು ಮುಖ ತೊಳೆದುಕೊಂಡು ಬಂದೆ. ಮೂರನೇ ವರ್ಷ ಒಂದು ದಿನ, “ಒಂದ್ನಿಮಿಷ ಇರಿ, ಒಳಗೆ ಸರ್ ಹತ್ರ ಕೇಳ್ಕೊಂಡು ಬರ್ತೀನಿ” ಎಂದು ಅವರ ಕಿವಿಗೆ ಸಂಗೀತ ಹಚ್ಚಿ, ಅರ್ಧ ಲೋಟ ನೀರು ಕುಡಿದೆ. ಆಮೇಲೆ, “ಹಳದಿ ತಂತಿ ತೆಗೆದು ಮತ್ತೆ ಹಾಕ್ಬೇಕಂತೆ, ಸರ್ ಹೇಳಿದ್ರು” ಎಂದೆ.

“ನೋಡಿದ್ಯಾ? ತಿಳಿದವರನ್ನ ಕೇಳ್ಬೇಕು ಅನ್ನೋದು ಇದಕ್ಕೇ,” ಎಂದರು ಹೆಡ್‌ಮಾಸ್ತರರು. ಇಂಟರ್‌ನೆಟ್ ಬಂತು. ತಮ್ಮ ಕಚೇರಿಗೆ ಮೊದಲ ಮೆಚ್ಚುಗೆ ಪತ್ರವೂ ಬಂತು, ಒಳಗಿನ ಸರ್ ಹೆಸರಿಗೆ.

ಮಾನ್ಯರೇ, ನಮ್ಮಲ್ಲಿ ‘ಒಳಗೆ’ ಎಂಬುದೇ ಇಲ್ಲ. ನನ್ನ ಬೆನ್ನ ಹಿಂದಿರುವುದು ಗೋಡೆ, ಗೋಡೆಗೆ ಒರಗಿಸಿಟ್ಟ ಮೂರು ಮುರುಕು ಕುರ್ಚಿ. ತಾವು ಪತ್ತೆಹಚ್ಚಲು ಹೊರಟ ಮಹನೀಯರು ಆ ಕುರ್ಚಿಗಳ ಮೇಲೂ ಕೂತವರಲ್ಲ.

ಗ್ರಾಹಕರನ್ನಷ್ಟೇ ದೂರಿ ಏನು ಬಂತು, ಹೆತ್ತಮ್ಮನೇ ಹಾಗಿದ್ದಾಳೆ. ಅವಳ ಫೋನು ಕೆಟ್ಟರೆ ಪಕ್ಕದ ಮನೆಯಿಂದ ನನಗೆ ಕರೆ ಮಾಡಿ, “ಅಳಿಯಂದ್ರು ಇದ್ದಾರೇನೇ?” ಎನ್ನುತ್ತಾಳೆ. ಅಳಿಯಂದಿರು ಹಲ್ಲಿನ ಡಾಕ್ಟರು. ಫೋನಿಗೆ ಕೈ ಅಡ್ಡ ಹಿಡಿದು ನನ್ನನ್ನು ಕೇಳುತ್ತಾರೆ, ನಾನು ಹೇಳಿದ್ದನ್ನೇ ಅತ್ತೆಗೆ ಒಪ್ಪಿಸುತ್ತಾರೆ. “ನನ್ನ ಅಳಿಯಂಗೆ ಗೊತ್ತಿಲ್ಲದ್ದೇ ಇಲ್ಲ” ಎಂದು ಅಮ್ಮ ಬೀದಿಗೆಲ್ಲ ಸಾರುತ್ತಾಳೆ. ಇಂಜಿನಿಯರಿಂಗ್ ಓದಿಸಿದ್ದು ಯಾರನ್ನ ಎಂದು ಒಮ್ಮೆ ಕೇಳಿದ್ದಕ್ಕೆ, “ನೀನು ಓದಿದ್ದೀಯ, ಇಲ್ಲ ಅಂದೋರ್ಯಾರು?” ಎಂದಳು.

ಈಗ ನನ್ನ ಅರ್ಜಿಯ ಮೇಲೆ ತಾವು ಬರೆದಿರುವ ಷರಾ ನೋಡೋಣ: ‘ಪ್ರತಿಯೊಂದಕ್ಕೂ ಸರ್ ಅವರನ್ನು ಕೇಳುತ್ತಾರೆ. ಸ್ವಂತ ನಿರ್ಧಾರದ ಸಾಮರ್ಥ್ಯವಿಲ್ಲ.’ ಓದಿ ನಕ್ಕೆ. ನಗು ನಿಂತ ಮೇಲೆ ನಾಚಿಕೆಯಾಯಿತು. ಏಕೆಂದರೆ ಆ ಸರ್‌ಗೆ ಆರು ವರ್ಷ ನೀರು ಹಾಕಿ ಬೆಳೆಸಿದವಳು ನಾನೇ. ಪಕ್ಕದ ಮೇಜಿನಲ್ಲಿ ಒಬ್ಬಳಿದ್ದಳು, ನನಗಿಂತ ಜಾಣೆ, ಗ್ರಾಹಕರ ಅರ್ಧ ಮಾತಿಗೇ ತೊಂದರೆ ಹಿಡಿಯುತ್ತಿದ್ದಳು. “ನೀನೂ ಒಬ್ಬ ಸರ್‌ನ ಇಟ್ಕೊಳ್ಳೇ” ಎಂದೆ. “ನಂಗೆ ಸುಳ್ಳು ಹೇಳಕ್ಕೆ ಬರಲ್ಲ ಕಣೇ” ಎಂದಳು. ವಾದ ಮಾಡಿ ಮಾಡಿ ಗಂಟಲು ಒಣಗಿ ಕೆಲಸ ಬಿಟ್ಟಳು. ತಮ್ಮ ಕಡತದಲ್ಲಿ ಅದಕ್ಕೆ ‘ವೈಯಕ್ತಿಕ ಕಾರಣ’ ಎಂದಿದೆ. ಮಗುವನ್ನು ಚಿವುಟಿ ತೊಟ್ಟಿಲು ತೂಗುವ ತಾವು ಈಗ ಹತ್ತು ಸಾಲು ಬರೆಯಿರಿ ಎನ್ನುತ್ತೀರಿ. ಅವಳು ಹೋದದ್ದು ನನಗಿನ್ನೂ ಸಂಕಟ. ಅವಳನ್ನು ಹೀಗೆ ಕಳಿಸಿಕೊಟ್ಟು ಸುಳ್ಳು ಹೇಳಲು ಬರುವವಳನ್ನು ಉಳಿಸಿಕೊಂಡಿದ್ದೀರಿ. ಉಳಿದ ನನಗೂ ಬಡ್ತಿಯಿಲ್ಲ, ನನ್ನ ಸುಳ್ಳಿಗೆ ಉಂಟು. ಇದ್ಯಾವ ನ್ಯಾಯ?

ಕರೆಗಳೆಲ್ಲ ತಮ್ಮಲ್ಲಿ ಧ್ವನಿಮುದ್ರಣವಾಗಿವೆ. ಅತ್ತ ಸಂಗೀತ ನುಡಿಯುವಾಗಲೂ ಇತ್ತ ಮುದ್ರಣ ನಡೆದೇ ಇರುತ್ತದೆ. ದಯಮಾಡಿ ಆ ಒಂದೊಂದು ನಿಮಿಷವನ್ನು ಕೇಳಿ. ಸರ್ ಮಾತಾಡಿದ್ದು ಎಲ್ಲೂ ಕೇಳಿಸುವುದಿಲ್ಲ. ಒಬ್ಬ ಹೆಂಗಸು ಗುಟುಕು ಗುಟುಕಾಗಿ ನೀರು ಕುಡಿಯುವುದು ಕೇಳಿಸುತ್ತದೆ. ಕೇಳಿದ ಮೇಲೆ ಒಳಗಿನ ಸರ್‌ಗೆ ಗೌರವಪೂರ್ವಕ ನಿವೃತ್ತಿ ಕೊಡಿ, ಅವರ ಮೆಚ್ಚುಗೆ ಪತ್ರಗಳನ್ನು ನನ್ನ ಕಡತಕ್ಕೆ ಸೇರಿಸಿ, ನನ್ನ ಅರ್ಜಿಯನ್ನು ಮತ್ತೆ ತೆರೆಯಿರಿ. ಪಕ್ಕದ ಮೇಜಿನವಳಿಗೂ ವಾಪಸು ಬರುವಂತೆ ಒಂದು ಕಾಗದ ಬರೆಯಿರಿ.

ಬರೀ ನಾನು ಕೇಳಿದರೆ ಇದು ಆಗುವ ಕೆಲಸವಲ್ಲವೆಂದು ಗೊತ್ತು. ಅದಕ್ಕೇ ಕೊನೆಯ ಬಾರಿಗೆ ಒಂದು ನಿಮಿಷ ಒಳಗೆ ಹೋಗಿ ಕೇಳಿಕೊಂಡು ಬಂದೆ. ಹುದ್ದೆಯನ್ನು ಮೂರನೇ ಮೇಜಿನವಳಿಗೇ ಕೊಡಬೇಕಂತೆ. ಸರ್ ಹೇಳಿದರು.

ಇಂತಿ,
ಒಳಗೂ ಹೊರಗೂ ತಾನೊಬ್ಬಳೇ ಆಗಿರುವ,
ಮೂರನೇ ಮೇಜಿನವಳು