ನನ್ನ ಬಳಿ ಇಲ್ಲದ ಮಂಗಳವಾರ

ಕಳಸ,
೨ ಫೆಬ್ರವರಿ ೨೦೨೫

ಪ್ರೀತಿಯ ಕಲ್ಲೇಶ,

ಚಿಕ್ಕಮಗಳೂರಿನ ಹೋಟೆಲ್ ಊಟ ಹೊಟ್ಟೆಗೆ ಒಗ್ಗಿತಾ? ಕ್ಯೂರಿಂಗ್ ವರ್ಕ್ಸ್‌ನವರು ಹಸಿ ಅಂತ ತಳ್ಳಿದ ಕಾಫಿಯನ್ನು ಅಲ್ಲೇ ಮತ್ತೆ ಒಣಗಿಸಲು ನೀನು ಬಿಸಿಲಲ್ಲಿ ನಿಂತಿದ್ದೀಯ ಅಂತ ನಿನ್ನಮ್ಮನಿಗೆ ಕೊರಗು. ತಲೆಗೊಂದು ಟವೆಲ್ ಹಾಕಿಕೋ. ನನ್ನ ಸೊಂಟ ಪರವಾಗಿಲ್ಲ. ಗೋಡೆ ಹಿಡಿಯದೆ ಬಚ್ಚಲವರೆಗೆ ಹೋಗುತ್ತೇನೆ.

ಫೋನಲ್ಲಾದರೆ ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಕಾಗದ. ಕಾಫಿ ಒಣಗಿಸುವ ಕಣದ ಮೆಟ್ಟಿಲಲ್ಲಿ ಜಾರಿ ಮೂಳೆ ಮುರಿದ ಮೊದಲ ವಾರ, ತೂಕದ ಚೀಟಿಯನ್ನು ನಾಲ್ಕು ಸಲ ಕೂಡಿದರೆ ನಾಲ್ಕು ಮೊತ್ತ ಬರುತ್ತಿತ್ತು. ನೋವು ತಲೆಯೊಳಗೇ ಬಂದು ಕೂತರೆ ಲೆಕ್ಕಕ್ಕೆಲ್ಲಿ ಜಾಗ? ಆಮೇಲೆ ಡಾಕ್ಟರು ಅಫೀಮಿನ ಜಾತಿಯ ಆ ಮಾತ್ರೆ ಕೊಟ್ಟರು. ಹಾಯಾಯಿತು. ಆದರೆ ನೋವಿದ್ದಾಗ ಲೆಕ್ಕ ತಪ್ಪಿದ್ದಾದರೂ ಗೊತ್ತಾಗುತ್ತಿತ್ತು. ಮಾತ್ರೆ ನುಂಗಿದ ಮೇಲೆ ಅದೂ ಇಲ್ಲ. ಉಂಡು ಕೈ ತೊಳೆದವನು ‘ಊಟಕ್ಕೇನು’ ಅಂದೆನಂತೆ. ‘ಇನ್ನೊಂದು ಸಲ ಉಣ್ಣಿ, ಅಡುಗೆ ಮಾಡಿದವಳಿಗೆ ಅದೂ ಒಂದು ಮರ್ಯಾದೆ’ ಅಂದಳು ನಿನ್ನಮ್ಮ.

ನಕ್ಕು ಬಿಡಬಹುದಿತ್ತು. ಆದರೆ ನಿನ್ನೆ ಮೊಬೈಲಲ್ಲಿ ಹಳೆಯ ಕರೆಗಳನ್ನು ನೋಡುತ್ತಿದ್ದೆ. ಈಗ ವಾಪಸಾದ ಕಾಫಿಯನ್ನು ಚೀಲಕ್ಕೆ ತುಂಬಿಸಿದ ಆ ಮಂಗಳವಾರ ನಿನ್ನ ತಂಗಿ ಸೌಜನ್ಯಳ ಜೊತೆ ನಲವತ್ತೊಂದು ನಿಮಿಷ ಮಾತಾಡಿದ್ದೇನೆ. ಒಂದಕ್ಷರ ನೆನಪಿಲ್ಲ. ಅವಳನ್ನೇ ಕೇಳಿದರೆ ‘ಹೊಟ್ಟೆ ಹುಣ್ಣಾಗುವಷ್ಟು ನಗಿಸಿದ್ರಲ್ಲ ಅಪ್ಪಾಜಿ’ ಅನ್ನುತ್ತಾಳೆ.

ಮಾರಯ್ಯ ಹೇಳಿದ್ದೂ ಅದೇ ಮಂಗಳವಾರದ್ದು. ಇಪ್ಪತ್ತೆರಡು ವರ್ಷ ನಮ್ಮ ಕಣ ನೋಡಿಕೊಂಡವನು. ಹಸಿ ಕಾಫಿ ತುಂಬಿದ್ದಕ್ಕೆ ನೀನು ಬೈದಾಗ ‘ಯಜಮಾನ್ರೇ ಬೀಜ ಹಲ್ಲಲ್ಲಿ ಕಚ್ಚಿ, ಒಣಗಿದೆ ತುಂಬು ಅಂದ್ರು, ಇನ್ನೆರಡು ಬಿಸಿಲು ಬೇಕು ಅಂದೆ, ಕೇಳ್ಲಿಲ್ಲ’ ಅಂದ. ನನ್ನ ಹಲ್ಲು ತಪ್ಪಲ್ಲ ಅಂತ ಊರೆಲ್ಲ ಹೇಳಿಕೊಂಡು ತಿರುಗಿದವನು ನಾನು. ‘ನಾನು ಹೇಳೇ ಇಲ್ಲ ಮಾರಾಯ, ಸುಳ್ಳು ಯಾಕೆ’ ಅಂದುಬಿಟ್ಟೆ. ಅವನು ಕಾಫಿ ಹರಡುವ ಹಲಗೆಯನ್ನು ಗೋಡೆಗೆ ಒರಗಿಸಿ ಸಂಸೆಯ ಮನೆಗೆ ಹೋದವನು ಮತ್ತೆ ಬಂದಿಲ್ಲ.

ಡಾಕ್ಟರಿಗೆ ಹೇಳಿದೆ. ಈ ಮಾತ್ರೆಯಿಂದ ಹೀಗಾಗುವುದುಂಟು, ಒಮ್ಮೆಲೇ ನಿಲ್ಲಿಸಬೇಡಿ ಅಂತ ಪ್ರಮಾಣ ಇಳಿಸಿದ್ದಾರೆ. ಅದು ಮುಗಿಯುವವರೆಗೆ ಕಣದ ತೀರ್ಮಾನ ನನ್ನದಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನಗೆ ಒಳ್ಳೆಯದಾಗಲಿ.

ನಿನ್ನ ಅಪ್ಪ,
ಚಂದ್ರಶೇಖರಪ್ಪ

ವಿ.ಸೂ.: ಬರುವಾಗ ಕಳಸದಲ್ಲಿ ಇಳಿಯದೆ ಸಂಸೆಗೆ ಹೋಗು. ನಾನೇ ಹೋಗಬೇಕಿತ್ತು, ಜೀಪಿನ ಕುಲುಕಾಟ ಈ ಸೊಂಟ ತಡೆಯಲ್ಲ. ಅವನ ಹೆಂಡತಿ ಅಂಜನಮ್ಮ ಬೈದರೆ ಬೈಸಿಕೋ. ಮಾರಯ್ಯನಿಗೆ ‘ಅಪ್ಪನಿಗೆ ನೆನಪಾಯ್ತು’ ಅಂತ ಮಾತ್ರ ಹೇಳಬೇಡ. ನೆನಪಾಗಿಲ್ಲ, ಆಗುವ ಹಾಗೂ ಕಾಣೆ. ‘ನೀನು ಹೇಳಿದ್ದೇ ನಡೆದದ್ದು ಅಂತ ಅಪ್ಪ ಒಪ್ಪಿದ್ದಾರೆ’ ಅನ್ನು.