ಬೀರುವಿನಲ್ಲೇ ಉಳಿದ ಟಿಕೆಟ್ಟು

ಭಾನುವಾರ, ಮಧ್ಯಾಹ್ನ

ನನ್ನ ಚಿಗರೆಗೆ,

ನಾವಿಲ್ಲಿ ಎಲ್ಲರೂ ಕ್ಷೇಮ, ನನ್ನ ಮಂಡಿಯೊಂದನ್ನು ಬಿಟ್ಟು. ನೂರು ಮೀಟರಿನಲ್ಲಿ ನಿನಗೆ ಬೆಳ್ಳಿ ಬಂದ ಸುದ್ದಿ ಬೆಳಗಿನ ಪೇಪರಿನಲ್ಲಿದೆ. ನಿನ್ನಪ್ಪ ಅದನ್ನು ಕತ್ತರಿಸಿಟ್ಟು, ಹಿಂದಿನ ಪುಟದ ಪದಬಂಧ ಹಾಳಾಯಿತೆಂದು ಆಮೇಲೆ ಪೇಚಾಡಿದರು. ಓಟ ನೋಡಲು ಅಮ್ಮ ಬರಲಿಲ್ಲವೆಂದು ಬೇಜಾರು ಮಾಡಿಕೊಳ್ಳಬೇಡ. ನೀನು ಕಳಿಸಿದ ಟಿಕೆಟ್ಟು ಬೀರುವಿನಲ್ಲೇ ಇದೆ.

ನೋವು ಮಂಡಿಯದಷ್ಟೇ ಅಲ್ಲ, ನಿನಗೂ ಗೊತ್ತು. ಹೋದ ವರ್ಷ ಮೈದಾನದಲ್ಲಿ ಎಲ್ಲರೆದುರು, "ನೀನು ನಂಗೆ ಅಮ್ಮ ಆಗಿದ್ರೆ ಸಾಕು, ಕೋಚ್‌ನ ನಾನೇ ಹುಡುಕ್ಕೋತೀನಿ" ಅಂದೆ. ಹುಡುಕಿದ್ದು ಯಾರನ್ನು? ಕೊಕ್ಕರೆಯನ್ನು! ಪಕ್ಕದ ಲೇನಿನಲ್ಲಿ ಓಡಿ, ಪ್ರತಿ ಸಲ ನನ್ನ ಬೆನ್ನು ನೋಡಿದ ಆ ಉದ್ದ ಕಾಲಿನವಳನ್ನು. ನನಗೆ ಹೊಟ್ಟೆಕಿಚ್ಚಾಯಿತು. ಊರ ಮಕ್ಕಳಿಗೆಲ್ಲ ಓಟ ಕಲಿಸಿದವಳು ಸ್ವಂತ ಮಗಳಿಗೇ ಬೇಡವಾದೆನಲ್ಲ ಎಂದು ಅಳುವೂ ಬಂತು.

ಮಂಡಿಗೆ ಎಣ್ಣೆ ಹಚ್ಚಿಕೊಂಡು ಕೂತರೆ ಹಳೆಯದೆಲ್ಲ ನೆನಪಾಗುತ್ತದೆ. ಆಗ ನಮ್ಮದು ಮಣ್ಣಿನ ಟ್ರ್ಯಾಕು. ಸುಣ್ಣದ ಪುಡಿಯಲ್ಲಿ ಗೆರೆಗಳನ್ನು ನಾವೇ ಎಳೆಯಬೇಕು, ಮೂಗಿನೊಳಗೆಲ್ಲ ಸುಣ್ಣ. ಶುರುವಿನಲ್ಲಿ ಕಾಲೂರಲು ಕರಣೆಯಿಂದ ಗುಳಿ ತೋಡಿಕೊಳ್ಳಬೇಕು. ಇದ್ದದ್ದು ಒಂದೇ ಕರಣೆ, ಅದಕ್ಕಾಗಿ ಕೊಕ್ಕರೆಗೂ ನನಗೂ ದಿನಾ ಜಗಳ. ನಮ್ಮ ಡ್ರಿಲ್ ಮೇಷ್ಟ್ರಿಗೆ ಒಂದು ಹುಚ್ಚಿತ್ತು. ಓಟದ ದಿನ ಬೆಳಿಗ್ಗೆ ಶೂ ಬಿಚ್ಚಿಸಿ, ಮುಗಿಯುವ ಗೆರೆಯಿಂದ ಶುರುವಿನ ಗೆರೆಯವರೆಗೆ ನಮ್ಮನ್ನು ನಿಧಾನವಾಗಿ ನಡೆಸುತ್ತಿದ್ದರು. "ಕಾಲಿಗೆ ದಾರಿ ಪರಿಚಯ ಆಗ್ಲಿ, ಆಮೇಲೆ ಅದು ಹೆದ್ರಲ್ಲ" ಅನ್ನುತ್ತಿದ್ದರು. ನಾವಿಬ್ಬರೂ ಶೂ ಕೈಯಲ್ಲಿ ಹಿಡಿದು, ಜಗಳ ಮರೆತು, ಹರಟುತ್ತ ನಡೆಯುತ್ತಿದ್ದೆವು. ನಾನು ರಾಷ್ಟ್ರ ಚಾಂಪಿಯನ್ ಆದ ದಿನವೂ ಹಾಗೇ ನಡೆದಿದ್ದೆವು. ಅವತ್ತಿನ ಚಪ್ಪಾಳೆ ಮರೆತುಹೋಗಿದೆ, ಬರಿಗಾಲಿಗೆ ತಾಕಿದ ತಣ್ಣನೆಯ ಮಣ್ಣು ಮರೆತಿಲ್ಲ.

ಕೋಚ್ ಆದಮೇಲೆ ನಾನೂ ನನ್ನ ಮಕ್ಕಳನ್ನೆಲ್ಲ ಹಾಗೆಯೇ ನಡೆಸಿದೆ. ನೀನೊಬ್ಬಳು ನಗುತ್ತಿದ್ದೆ. "ಅಮ್ಮಾ, ಇದು ಓಟಾನೋ ವಾಕಿಂಗೋ?" ಮೈದಾನದಲ್ಲಿ ಮೇಡಂ ಅನ್ನು ಎಂದು ಗದರಿದರೆ, "ಸರಿ ಅಮ್ಮಾ" ಅನ್ನುತ್ತಿದ್ದೆ.

ಇರಲಿ. ಪಿಸ್ತೂಲಿನ ಸದ್ದಿಗೆ ಏಳುವಾಗ ನಿನ್ನ ಎಡಭುಜ ಇನ್ನೂ ಮೇಲೆ ಹೋಗುತ್ತದಂತೆ. ಯಾರೋ ಹೇಳಿದರು. ಕೊನೆಯಲ್ಲಿ ಪಕ್ಕದವಳನ್ನು ತಿರುಗಿ ನೋಡಿದೆಯಂತೆ. ಚಿನ್ನ ಕೈತಪ್ಪಿದ್ದು ಅಲ್ಲೇ. ಪೇಪರಿನವರ ಹತ್ತಿರ ಟ್ರ್ಯಾಕನ್ನು ದೂರಿದ್ದೀಯ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಟ್ರ್ಯಾಕಿಗೇನೂ ಆಗಿರಲಿಲ್ಲ.

ರಜೆ ಸಿಕ್ಕರೆ ಬಾ. ಪದಕ ತರುವುದನ್ನು ಮರೆಯಬೇಡ, ನಿನ್ನಪ್ಪ ಗೋಡೆಗೆ ಆಗಲೇ ಮೊಳೆ ಹೊಡೆದಿದ್ದಾರೆ.

ಮೈದಾನದಲ್ಲಿ ಮೇಡಂ, ಮನೆಯಲ್ಲಿ
ನಿನ್ನ ಅಮ್ಮ

ಲಕೋಟೆ ಅಂಟಿಸುವ ಮುಂಚೆ ಇನ್ನೊಂದು ಮಾತು: ಟಿಕೆಟ್ಟು ಬೀರುವಿನಲ್ಲಿದೆ ಎಂದದ್ದು ಸುಳ್ಳಲ್ಲ. ಅದು ಕೊಕ್ಕರೆಯ ಪಕ್ಕದ ಸೀಟಿನದು. ನಾನು ನಿನ್ನೆ ಬೆಳಿಗ್ಗೆಯೇ ಹೋಗಿ, ಕ್ರೀಡಾಂಗಣದ ಕೌಂಟರಿನಲ್ಲಿ ಬೇರೆ ಕೊಂಡು, ಮೇಲಿನ ಸಾಲಿನಲ್ಲಿ ಕಂಬದ ಹಿಂದೆ ಕೂತಿದ್ದೆ. ನೀನು ಶೂ ಬಿಚ್ಚಿ, ಮುಗಿಯುವ ಗೆರೆಯಿಂದ ಮೆಲ್ಲಗೆ ನಡೆದು ಬರುತ್ತಿದ್ದೆ. ಪಕ್ಕದ ಲೇನಿನಲ್ಲಿ ಕೊಕ್ಕರೆ, ಅವಳ ಕೈಯಲ್ಲೂ ಶೂ. ಕಂಬ ಅಡ್ಡ ಬಂತು, ಕಣ್ಣೂ ಮಂಜಾಗಿತ್ತು, ಪೂರ್ತಿ ಕಾಣಲಿಲ್ಲ. ಮುಂದಿನ ಸಲವೂ ಅವಳ ಪಕ್ಕದ ಸೀಟೇ ಕಳಿಸು.