ನಿಧಾನಕ್ಕೇ ಓಡಿಸ್ಕೊಂಡ್ ಬಂದ ಸಾರ್

ಜುಲೈ ೧೫, ಮಂಗಳವಾರ

ಜಯನಗರದ ವಕೀಲರ ಮಾತು ಇನ್ನೂ ಕಿವಿಯಲ್ಲೇ ಇದೆ. ಶನಿವಾರ ಪೊಲೀಸರು ಬಂದಾಗ ಗೆಳೆಯ ಮೌನೇಶ ಬೀಡಾ ಅಂಗಡಿಯ ಮುಂದೆ ನಿಲ್ಲಿಸಿದ್ದ ನನ್ನ ಸ್ಕೂಟರಿಗೆ ಒರಗಿ ನಿಂತಿದ್ದ. ಅವನು ಓಡಿಸಿದ್ದನ್ನು ಅವರು ಕಂಡಿರಲಿಲ್ಲ. “ಎರಡೇ ಪೆಗ್ ಸಾರ್, ಬಿಟಿಎಂನಿಂದ ನಿಧಾನಕ್ಕೇ ಓಡಿಸ್ಕೊಂಡ್ ಬಂದ, ಬಿಟ್ಬಿಡಿ” ಎಂದು ಗೋಗರೆದವನು ನಾನು.

“ಕುಡಿದಿದ್ದಕ್ಕೆ ಊದಿಸೋ ಮಷೀನ್ ಇದೆ. ಓಡಿಸಿದ್ದಕ್ಕೆ ನಿಮ್ಮ ಹೇಳಿಕೆ ಬಿಟ್ರೆ ಬೇರೇನೂ ಇಲ್ಲ ಕಣ್ರೀ” ಎಂದರು ವಕೀಲರು. ಲೈಸೆನ್ಸ್ ಹೋದರೆ ಅವನ ಕ್ಯಾಬ್ ಕೆಲಸವೂ ಹೋಗುತ್ತದೆ.

ಹೊರಗೆ ಬಂದ ಮೇಲೆ ಮೌನೇಶನೇ ನನ್ನ ಭುಜ ತಟ್ಟಿದ. “ಇರ್ಲಿ ಬಿಡೋ. ನೀ ನನ್ನ ಸಲುವಾಗೇ ಹೇಳಿದಿ.”

ಅವನ ಸಲುವಾಗಿ ಅಲ್ಲ. ಗಾಡಿ ಯಾರದು ಎನ್ನುತ್ತ ಪೊಲೀಸರು ಆ ಮಷೀನನ್ನು ನನ್ನ ಕಡೆ ಹಿಡಿದಿದ್ದರು. ನಾನೂ ಕುಡಿದಿದ್ದೆ; ಅದು ನನ್ನಿಂದ ಆಚೆ ಸರಿಯಲಿ ಎಂದೇ ಓಡಿಸಿದ್ದು ಅವನು ಎಂದುಬಿಟ್ಟೆ. ನಾಳೆ ಅವನಿಗೆ ಇದನ್ನು ಹೇಳಬೇಕು. ಹೇಳದಿದ್ದರೆ ಅವನು ಹೀಗೇ ನನ್ನ ಭುಜ ತಟ್ಟುತ್ತಿರುತ್ತಾನೆ.